ಬೇಸಿಗೆ ರಜೆಯಲ್ಲಿ ಓದು: ಕಣ್ಣು ಕಾಣದ, ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆ ಪುಸ್ತಕ ಒದಗಿಸುವುದು ಹೇಗೆ?

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬೀಳುತ್ತದೆ. ಕಲಬುರಗಿ, ಹುಬ್ಬಳ್ಳಿ ಕಡೆಯ ಅಂಧ ಮಕ್ಕಳ ಶಾಲೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುವ ಮಗು ಕುಷ್ಟಗಿಗೋ ಸಿಂಧನೂರಿಗೋ ಸಿರುಗುಪ್ಪಕ್ಕೋ ವಾಪಸ್ ಬರುತ್ತದೆ. ಬಟ್ಟೆ ಬರುತ್ತವೆ, ಹಾಸಿಗೆ ಸುರುಳಿ ಬರುತ್ತದೆ, ಉಬ್ಬು ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಪುಸ್ತಕ ಮಾತ್ರ ಅಲ್ಲೇ ಉಳಿಯುತ್ತದೆ. ಒಂದೂವರೆ ತಿಂಗಳು ಬೆರಳಿಗೆ ಕೆಲಸವಿಲ್ಲ. ಜೂನ್‌ನಲ್ಲಿ ಓದಲು ಕೂತರೆ ಮೊದಲಿನ ವೇಗ ಇರುವುದಿಲ್ಲ.

ಇನ್ನು ಊರಲ್ಲೇ ಇರುವ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಸಿಗದ) ಮಗುವಿನ ಕಥೆ ಬೇರೆ. ಅದಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಪುಟ ತಿರುಗಿಸಲು ಕೈ ಬರುವುದಿಲ್ಲ. ಅಂಥ ಮಗುವಿಗೆ ಪುಸ್ತಕ ಯಾಕೆ ಬೇಕು ಅಂತ ಯಾರೂ ತರುವುದೇ ಇಲ್ಲ. ಎದುರಿಗೆ ಟಿವಿ ಹಚ್ಚಿಟ್ಟು ದೊಡ್ಡವರು ಕೆಲಸಕ್ಕೆ ಹೋಗುತ್ತಾರೆ.

ಈ ಎರಡೂ ಥರದ ಮಕ್ಕಳಿಗೆ ರಜೆಯಲ್ಲಿ ಓದಿಗೆ ಏನು ಏರ್ಪಾಡು ಮಾಡಬಹುದು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಹೆಚ್ಚಿನದಕ್ಕೆ ದುಡ್ಡು ಬೇಕಿಲ್ಲ, ಮನೆಯವರ ಸಮಯ ಬೇಕು. ಮತ್ತೆ ಒಂದು ಮಾತು: ರಜೆಯಲ್ಲಿ ಪಠ್ಯಪುಸ್ತಕ ಬೇಡ. ಉಳಿದ ಮಕ್ಕಳು ಕಥೆ, ಒಗಟು, ದೆವ್ವದ ಕಥೆ ಅಂತ ತಮಗೆ ಬೇಕಾದ್ದು ಆರಿಸಿಕೊಳ್ಳುತ್ತಾರೆ ಅಲ್ವಾ? ಈ ಮಕ್ಕಳಿಗೂ ಆರಿಸಿಕೊಳ್ಳುವ ಅವಕಾಶ ಸಿಗಬೇಕು.

ಹಂತ 1: ಬೆಳಗ್ಗೆ ಬೇಗ ಕಚೇರಿ ಕೆಲಸ ಮುಗಿಸಿ

ನಮ್ಮ ಕಲ್ಯಾಣ ಕರ್ನಾಟಕದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊಟ ಮಾಡಿಕೊಂಡು ಹೊರಟರೆ ಬೀಗ ನೋಡಿ ಬರಬೇಕಾಗುತ್ತದೆ. ಮೊದಲ ಬಸ್ಸಿಗೇ ಹೋಗಿ.

ಭೇಟಿ ಆಗಬೇಕಾದವರು ಇಬ್ಬರು. ಒಬ್ಬರು ನಿಮ್ಮ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರೂ ಸಾಮಾನ್ಯವಾಗಿ ವಿಕಲಚೇತನರೇ ಆಗಿರುತ್ತಾರೆ, ಊರಿನ ಮನೆಮನೆಯ ಮಾಹಿತಿ ಇವರ ಹತ್ತಿರ ಇರುತ್ತದೆ. ಇನ್ನೊಬ್ಬರು ತಾಲ್ಲೂಕಿನ ಬಿಆರ್‌ಸಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರು. ವಿಶೇಷ ಅಗತ್ಯದ ಮಕ್ಕಳ ಕಲಿಕೆ ನೋಡಿಕೊಳ್ಳುವುದೇ ಇವರ ಕೆಲಸ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆಯೂ ಇವರ ಮೂಲಕವೇ ನಡೆಯುತ್ತದೆ. ಬ್ರೈಲ್ ಬರೆಯುವ ಸ್ಲೇಟು, ಚುಕ್ಕಿ ಚುಚ್ಚುವ ಸ್ಟೈಲಸ್, ದಪ್ಪ ಹಾಳೆ, ಭೂತಗನ್ನಡಿ ಇವೆಯಾ ಕೇಳಿ. ಎರವಲು ಕೊಟ್ಟರೂ ಸಾಕು, ರಜೆ ದಾಟುತ್ತದೆ.

ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿಸಿ. ಮುಂದೆ ಹೇಳುವ ಆನ್‌ಲೈನ್ ಗ್ರಂಥಾಲಯಗಳಿಗೆ ಅಂಗವಿಕಲತೆಯ ದಾಖಲೆ ಬೇಕಾಗುತ್ತದೆ. ಕಾರ್ಡ್ ಬರಲಿ, ಆಮೇಲೆ ಓದಿಸೋಣ ಅಂತ ಕೂರಬೇಡಿ. ಮನೆಯಲ್ಲಿ ಮಾಡುವ ಕೆಲಸಕ್ಕೆ ಯಾವ ಕಾರ್ಡೂ ಬೇಡ.

ಹಂತ 2: ಮಗು ಯಾವುದರಿಂದ ಓದುತ್ತದೆ ನೋಡಿ

ಕುರುಡು ಅಂತ ಹೇಳಿಸಿಕೊಂಡ ಮಕ್ಕಳಲ್ಲಿ ಎಷ್ಟೋ ಮಂದಿಗೆ ಸ್ವಲ್ಪ ದೃಷ್ಟಿ ಇರುತ್ತದೆ. ಕ್ಯಾಲೆಂಡರ್‌ನ ದೊಡ್ಡ ಅಂಕಿ ತೋರಿಸಿ. ಎಷ್ಟು ಹತ್ತಿರ ಹಿಡಿದರೆ ಗುರುತಿಸುತ್ತದೆ? ತಲೆ ಯಾವ ಕಡೆ ವಾಲಿಸುತ್ತದೆ? ಕಿಟಕಿಯ ಬೆಳಕು ಎದುರಿಗಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತದಾ? ಕೂದಲು, ಚರ್ಮ ಬೆಳ್ಳಗಿರುವ ಆಲ್ಬಿನಿಸಂ ಮಕ್ಕಳಿಗೆ ನಮ್ಮ ಬಿಸಿಲು ವಿಪರೀತ ಕಣ್ಣು ಕುಕ್ಕುತ್ತದೆ. ಅವರು ಬೆಳಕಿಗೆ ಬೆನ್ನು ಹಾಕಿ ಕೂರಬೇಕು.

ಕೈ ಸ್ವಾಧೀನವಿಲ್ಲದ ಮಗುವಾದರೆ, ಅದರ ಹತೋಟಿಯಲ್ಲಿರುವ ಒಂದು ಚಲನೆ ಹುಡುಕಿ. ಒಂದು ಬೆರಳು, ಮೊಣಕೈ, ಗದ್ದ, ಬರೀ ಕಣ್ಣಿನ ನೋಟ, ಯಾವುದಾದರೂ ಸರಿ. ಪುಸ್ತಕ ಆರಿಸುವುದು, ಪುಟ ತಿರುಗಿಸು ಅಂತ ಹೇಳುವುದು ಎಲ್ಲಾ ಅದರಿಂದಲೇ.

ಹಂತ 3: ಬ್ರೈಲ್ ಬಲ್ಲ ಮಗುವಿಗೆ ಬ್ರೈಲನ್ನೇ ಕೊಡಿ

ಮೊಬೈಲ್ ಎಲ್ಲಾ ಓದಿ ಹೇಳುತ್ತದೆ, ಬ್ರೈಲ್ ಯಾಕೆ ಅನ್ನುವವರು ಜಾಸ್ತಿ ಆಗಿದ್ದಾರೆ. ನಾನು ಒಪ್ಪುವುದಿಲ್ಲ. ಬರೀ ಕೇಳಿ ಬೆಳೆದ ಮಗುವಿಗೆ ಒತ್ತಕ್ಷರ ಎಲ್ಲಿ ಬರುತ್ತದೆ, ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಅನ್ನುವುದು ಗೊತ್ತಾಗುವುದಿಲ್ಲ. ಕಿವಿಗೆ ‘ಕತೆ’ ಮತ್ತು ‘ಕಥೆ’ ಎರಡೂ ಒಂದೇ. ಕೇಳುವುದೂ ಇರಲಿ, ಆದರೆ ದಿನಕ್ಕೆ ಅರ್ಧ ತಾಸು ಬೆರಳು ಚುಕ್ಕಿಯ ಮೇಲೆ ಓಡಲಿ.

ಪುಸ್ತಕ ಎಲ್ಲಿ ಸಿಗುತ್ತದೆ? ಮೊದಲು ಮಗುವಿನ ಶಾಲೆಯನ್ನೇ ಕೇಳಿ. ರಜೆಗೆ ಕರೆದೊಯ್ಯಲು ಹೋದ ದಿನವೇ ಗ್ರಂಥಾಲಯದಿಂದ ಎರಡು ಕಥೆ ಪುಸ್ತಕ ಎರವಲು ಕೇಳಿ, ರಿಜಿಸ್ಟರ್‌ಗೆ ಸಹಿ ಮಾಡಿ ತನ್ನಿ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆಯಲ್ಲಿ ಬ್ರೈಲ್‌ಗೆ ಇಳಿಸುವ ವಿಭಾಗವೂ ಮಾತನಾಡುವ ಪುಸ್ತಕಗಳ ಗ್ರಂಥಾಲಯವೂ ಇವೆ. ದೂರ ಆಯಿತು ಅನ್ನಬೇಡಿ. ಬ್ರೈಲ್ ಪುಸ್ತಕದ ಪೊಟ್ಟಣಕ್ಕೆ ಅಂಚೆ ಇಲಾಖೆ ಶುಲ್ಕ ತೆಗೆದುಕೊಳ್ಳುವುದಿಲ್ಲ. 7 ಕಿಲೋವರೆಗೆ ಸಾದಾ ಅಂಚೆಯಲ್ಲಿ ಉಚಿತ. ಪೊಟ್ಟಣದ ಮೇಲೆ ‘ಬ್ಲೈಂಡ್ ಲಿಟರೇಚರ್’ ಎಂದು ಇಂಗ್ಲಿಷಿನಲ್ಲಿ ಬರೆದಿರಬೇಕು, ಬಿಚ್ಚಿ ನೋಡಲು ಬರುವಂತೆ ಕಟ್ಟಿರಬೇಕು. ಸಣ್ಣ ಊರಿನ ಅಂಚೆ ಕಚೇರಿಯವರು ಇಂಥ ಪೊಟ್ಟಣ ಎಂದೂ ನೋಡಿರಲಿಕ್ಕಿಲ್ಲ. ಜಗಳ ಬೇಡ, ತಾಲ್ಲೂಕಿನ ದೊಡ್ಡ ಅಂಚೆ ಕಚೇರಿಗೆ ಒಂದು ಮಾತು ಕೇಳಿ ಅನ್ನಿ.

ಪುಸ್ತಕ ಬಂದ ಮೇಲೆ ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಭಾರಕ್ಕೆ ಚುಕ್ಕಿ ಚಪ್ಪಟೆಯಾಗುತ್ತವೆ. ಗೋಡೆಗೆ ಆನಿಸಿ ನಿಲ್ಲಿಸಿಡಿ. ಬೇಸಿಗೆಯ ಇನ್ನೊಂದು ತೊಂದರೆ ಬೆವರು. ಒದ್ದೆ ಬೆರಳು ಹಾಳೆಗೆ ಅಂಟಿಕೊಂಡು ಸಾಲಿನ ಮೇಲೆ ಸರಿದಾಡುವುದಿಲ್ಲ. ಪಕ್ಕದಲ್ಲಿ ಒಂದು ಹತ್ತಿ ಟವೆಲ್ ಇಟ್ಟು, ಪುಟಕ್ಕೊಮ್ಮೆ ಕೈ ಒರೆಸಿಕೊಳ್ಳಲು ಹೇಳಿ.

ಮನೆಯವರಿಗೂ ಬ್ರೈಲ್ ಕಲಿಯಲು ಬರುತ್ತದೆ. ಕಷ್ಟವೇನಿಲ್ಲ. ಮೊಟ್ಟೆ ಟ್ರೇಯಿಂದ ಆರು ಗುಳಿಯ ತುಂಡು ಕತ್ತರಿಸಿ: ಎರಡು ಸಾಲು, ಸಾಲಿಗೆ ಮೂರು. ಎಡಗಡೆ ಮೇಲಿನಿಂದ ಕೆಳಗೆ 1, 2, 3. ಬಲಗಡೆ 4, 5, 6. ಗುಳಿಯಲ್ಲಿ ನಿಂಬೆಹಣ್ಣು ಇಟ್ಟರೆ ಚುಕ್ಕಿ ಇದೆ, ಖಾಲಿ ಇದ್ದರೆ ಇಲ್ಲ. 1 ಮತ್ತು 3ರಲ್ಲಿ ಇಟ್ಟರೆ ‘ಕ’. 1, 3, 4ರಲ್ಲಿ ಇಟ್ಟರೆ ‘ಮ’. 1, 2, 3ರಲ್ಲಿ ಇಟ್ಟರೆ ‘ಲ’. ಮೂರು ಟ್ರೇ ಸಾಲಾಗಿ ಇಟ್ಟರೆ ‘ಕಮಲ’ ಆಯಿತು. ಕನ್ನಡಕ್ಕೆ ಬಳಸುವುದು ಭಾರತಿ ಬ್ರೈಲ್. 1951ರಲ್ಲಿ ಭಾರತದ ಭಾಷೆಗಳಿಗೆಲ್ಲಾ ಸೇರಿ ಒಪ್ಪಿಕೊಂಡ ಪದ್ಧತಿ ಅದು. ಹಾಗಾಗಿ ಇಲ್ಲಿನ ‘ಕ’ ಚುಕ್ಕಿಗಳೇ ತೆಲುಗು, ಹಿಂದಿಗೂ ನಡೆಯುತ್ತವೆ. ರಾಯಚೂರು, ಬಳ್ಳಾರಿ ಗಡಿಯಲ್ಲಿ ತೆಲುಗು ಮನೆಮಾತಿನ ಮಕ್ಕಳು ಬಹಳ ಇದ್ದಾರೆ, ಅವರಿಗೆ ಇದು ಅನುಕೂಲ.

ಸ್ಲೇಟಿನಲ್ಲಿ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ದೊಡ್ಡವರು ಇಲ್ಲೇ ತಡವರಿಸುತ್ತಾರೆ. ಮಗುವನ್ನೇ ಕಲಿಸಲು ಕೂರಿಸಿ. ಅಕ್ಕ, ತಮ್ಮ, ಚಿಕ್ಕಪ್ಪ ಎಲ್ಲರಿಗೂ ಅದು ಮೇಷ್ಟ್ರಾಗಲಿ.

ಹಂತ 4: ಸ್ವಲ್ಪ ಕಾಣುವವರಿಗೆ ಝೆರಾಕ್ಸ್ ಅಂಗಡಿ

ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿ ಅಂತ ಹೇಳಿ, 141 ಪರ್ಸೆಂಟ್. ಅಕ್ಷರ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಸಾಲದಿದ್ದರೆ ಅರ್ಧ ಪುಟವನ್ನೇ ಇನ್ನೊಮ್ಮೆ ಹಿಗ್ಗಿಸಿ. ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಪುಸ್ತಕ ಮೇಜಿನ ಮೇಲೆ ಸಮತಟ್ಟಾಗಿ ಬಿಚ್ಚಿಕೊಳ್ಳುತ್ತದೆ, ಮಗು ಮೂಗು ಹತ್ತಿರ ತಂದು ನೋಡಲು ಅಡ್ಡಿ ಇಲ್ಲ. ಹೊಳೆಯುವ ಹಾಳೆ ಬೇಡ. ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿಸುವುದಾದರೆ 18ರಿಂದ 24 ಪಾಯಿಂಟ್ ಇಡಿ, ಸಾಲುಗಳ ನಡುವೆ ಜಾಗ ಬಿಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗಿ ಎಲ್ಲಾ ಕಲಸಿಹೋಗುತ್ತದೆ.

ಕಪ್ಪು ಡ್ರಾಯಿಂಗ್ ಶೀಟಿನಲ್ಲಿ ಒಂದು ಸಾಲಿನಷ್ಟು ಕಿಂಡಿ ಕತ್ತರಿಸಿ ಕೊಡಿ. ಪುಟದ ಮೇಲಿಟ್ಟು ಜಾರಿಸುತ್ತಾ ಓದಿದರೆ ಸಾಲು ತಪ್ಪುವುದಿಲ್ಲ.

ಹಂತ 5: ಫೋನ್ ಓದಿ ಹೇಳಲಿ

ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮನೆಯ ಆಂಡ್ರಾಯ್ಡ್ ಫೋನ್‌ನಲ್ಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ ಚಾಲೂ ಮಾಡಿ. ಟೆಕ್ಸ್ಟ್ ಟು ಸ್ಪೀಚ್ ಅನ್ನುವಲ್ಲಿ ಕನ್ನಡ ದನಿಯನ್ನು ಇಳಿಸಿಕೊಳ್ಳಿ. ವೈಫೈ ಇರುವ ಕಡೆ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದೆಯೂ ಓದುತ್ತದೆ. ಟಾಕ್‌ಬ್ಯಾಕ್ ಚಾಲೂ ಇದ್ದಾಗ ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಮಗು ಇದನ್ನು ಬೇಗ ಕಲಿಯುತ್ತದೆ. ಗಾಬರಿಯಾಗುವುದು ಕಣ್ಣು ಕಾಣುವ ಅಪ್ಪ, ಅಮ್ಮ. ಫೋನ್ ಕೆಟ್ಟಿತು ಅಂತ ಆಫ್ ಮಾಡಿಬಿಡುತ್ತಾರೆ. ವಾಲ್ಯೂಮ್ ಬಟನ್ ಎರಡನ್ನೂ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಅದು ನಿಲ್ಲುವಂತೆ ಶಾರ್ಟ್‌ಕಟ್ ಇಟ್ಟುಕೊಳ್ಳಿ.

ಪುಸ್ತಕಕ್ಕೆ ಮೊದಲು ನೋಡಬೇಕಾದ್ದು ಸುಗಮ್ಯ ಪುಸ್ತಕಾಲಯ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮತ್ತು ಡೈಸಿ ಫೋರಮ್ ಆಫ್ ಇಂಡಿಯಾ ಸೇರಿ ಶುರು ಮಾಡಿದ ಆನ್‌ಲೈನ್ ಗ್ರಂಥಾಲಯ ಅದು. ಕನ್ನಡ ಪುಸ್ತಕಗಳೂ ಇವೆ. ಸದಸ್ಯರಾಗಲು ಅಂಗವಿಕಲತೆಯ ದಾಖಲೆ ಕೊಡಬೇಕು. ಡೈಸಿ ಅಂದರೆ ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಮಾಡಿದ ಡಿಜಿಟಲ್ ಪುಸ್ತಕದ ರೂಪ. ಅದರಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ಜಿಗಿಯಬಹುದು. ಸುಮ್ನೆ ಒಂದು ಉದ್ದದ ಆಡಿಯೊ ಫೈಲ್‌ನಲ್ಲಿ ಈ ಅನುಕೂಲ ಇಲ್ಲ. ಪುಟಾಣಿಗಳಿಗಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡ ಕಥೆಗಳು ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿವೆ, ಅಲ್ಲಿನ ಕಥೆಗಳನ್ನು ಇಳಿಸಿಕೊಂಡು ಮುದ್ರಿಸಬಹುದು, ಹಿಗ್ಗಿಸಬಹುದು.

ಇಲ್ಲಿ ಕನ್ನಡಕ್ಕೇ ಇರುವ ಒಂದು ತಲೆನೋವು ಹೇಳಬೇಕು. ಊರಿನ ಡಿಟಿಪಿ ಅಂಗಡಿಯಿಂದ ಅಥವಾ ಪರಿಚಯದ ಲೇಖಕರಿಂದ ಫೈಲ್ ತಂದಿರಿ ಅನ್ನಿ. ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಫೋನ್ ಓದಲು ಶುರು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಫೋನಿನ ತಪ್ಪಲ್ಲ. ಫೈಲ್ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿದೆ, ಎಲ್ಲಾ ಫೋನು, ಕಂಪ್ಯೂಟರ್‌ಗೂ ತಿಳಿಯುವ ಯೂನಿಕೋಡ್‌ನಲ್ಲಿ ಇಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಆಕಾರ ತೊಡಿಸಿದ್ದಾರೆ ಅಷ್ಟೆ. ಪರೀಕ್ಷೆ ಸುಲಭ: ನಾಲ್ಕು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ. ಕಲಸುಮೇಲೋಗರ ಬಂದರೆ ಡಿಟಿಪಿಯವರಿಗೇ ಯೂನಿಕೋಡ್‌ಗೆ ಬದಲಿಸಿ ಕೊಡಿ ಅನ್ನಿ. ಪರಿವರ್ತಕ ಅವರ ಹತ್ತಿರ ಇರುತ್ತದೆ, ಎರಡು ನಿಮಿಷದ ಕೆಲಸ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪು ಉಳಿದಿರಬಹುದು, ಒಮ್ಮೆ ಕಣ್ಣಾಡಿಸಿ.

ಬರೀ ಮುದ್ರಿತ ಪುಸ್ತಕ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಫೋಟೊ ತೆಗೆದು ಅಕ್ಷರ ಎತ್ತಿಕೊಳ್ಳಬಹುದು. ಪುಟ ಮಡಿಕೆ ಇಲ್ಲದೆ ಚಪ್ಪಟೆಯಾಗಿರಲಿ, ನಿಮ್ಮ ಕೈಯ ನೆರಳು ಬೀಳದಿರಲಿ.

ಹಂತ 6: ನೀವೇ ಓದಿ ರೆಕಾರ್ಡ್ ಮಾಡಿ

ಯಂತ್ರದ ದನಿ ಕಥೆಗೆ ಸಪ್ಪೆ. ಅದಕ್ಕೆ ನಗು ಗೊತ್ತಿಲ್ಲ, ಹೆದರಿಸಲೂ ಬರುವುದಿಲ್ಲ. ಅಕ್ಕನೋ ಅತ್ತೆಯೋ ಓದಿ ರೆಕಾರ್ಡ್ ಮಾಡಿದರೆ ಮಗು ಅದನ್ನೇ ಪದೇಪದೇ ಕೇಳುತ್ತದೆ.

ಬೆಳಗಿನ ಜಾವ ಮಾಡಿ. ಆಮೇಲೆ ಫ್ಯಾನ್ ಸದ್ದು, ಟ್ರ್ಯಾಕ್ಟರ್ ಸದ್ದು. ಮೊದಲು ಪುಸ್ತಕದ ಹೆಸರು, ಬರೆದವರ ಹೆಸರು, ಓದುವವರ ಹೆಸರು ಹೇಳಿ. ಅಧ್ಯಾಯಕ್ಕೊಂದು ಫೈಲ್ ಮಾಡಿ, 01, 02 ಎಂದು ಹೆಸರಿಡಿ, ಇಲ್ಲದಿದ್ದರೆ ಕ್ರಮ ಕೆಡುತ್ತದೆ. ಚಿತ್ರ ಬಂದಾಗ ಅದನ್ನು ಬಿಟ್ಟು ಮುಂದೆ ಹೋಗಬೇಡಿ. ‘ಇಲ್ಲಿ ಒಂದು ಚಿತ್ರ ಇದೆ. ಆಡು ಗೋಡೆ ಹತ್ತಿ ನಿಂತಿದೆ, ಕೆಳಗೆ ಅಜ್ಜಿ ಕೋಲು ಎತ್ತಿದ್ದಾಳೆ’ ಅಂತ ಎರಡು ಮಾತಿನಲ್ಲಿ ಹೇಳಿ. ಬಣ್ಣಗಳನ್ನೂ ಹೇಳಿ. ಹುಟ್ಟುಕುರುಡು ಮಗುವಿಗೆ ಬಣ್ಣ ಯಾಕೆ ಅನ್ನಬೇಡಿ. ಉಳಿದ ಮಕ್ಕಳ ಮಾತಿನಲ್ಲಿ ಬಣ್ಣ ಬರುತ್ತದೆ, ಇದಕ್ಕೂ ಗೊತ್ತಿರಬೇಕು. ನಮ್ಮ ಕಡೆಯ ಮಾತಿನ ಧಾಟಿ ಬಂದರೆ ಬರಲಿ, ಟಿವಿಯವರ ಹಾಗೆ ಓದುವ ಅಗತ್ಯ ಇಲ್ಲ.

ಹೀಗೆ ಮಾಡಲು ಕಾನೂನು ಬಿಡುತ್ತದಾ? ಬಿಡುತ್ತದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಆದ ತಿದ್ದುಪಡಿ ಪ್ರಕಾರ, ಅಂಗವಿಕಲರಿಗಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಬ್ರೈಲ್, ಆಡಿಯೊ, ದೊಡ್ಡ ಅಕ್ಷರ ಮುಂತಾದ ಅವರಿಗೆ ಒಗ್ಗುವ ರೂಪಕ್ಕೆ ತರಬಹುದು. ಕಣ್ಣಿಲ್ಲದವರಿಗೆ ಮಾತ್ರ ಅಂತಲ್ಲ, ಕೈಯಲ್ಲಿ ಪುಸ್ತಕ ಹಿಡಿಯಲಾಗದವರಿಗೂ ಇದು ಸಲ್ಲುತ್ತದೆ. ಆದರೆ ಯೂಟ್ಯೂಬ್‌ಗೆ ಹಾಕಬೇಡಿ, ಅಲ್ಲಿ ಹಾಕಿದರೆ ಎಲ್ಲರಿಗೂ ಹಂಚಿದ ಹಾಗಾಗುತ್ತದೆ. ಓದಲಾಗದ ಇನ್ನೊಂದು ಮಗುವಿಗೆ ಕೊಡಿ, ಅಡ್ಡಿ ಇಲ್ಲ.

ಹಂತ 7: ಕೈ ಆಡದ ಮಗುವಿಗೆ ಮೊದಲು ಕೂರುವ ವ್ಯವಸ್ಥೆ

ಮೈ ವಾಲುತ್ತಿದ್ದರೆ ಮಗುವಿನ ಗಮನವೆಲ್ಲಾ ಬೀಳದಂತೆ ನೋಡಿಕೊಳ್ಳುವುದರಲ್ಲೇ ಹೋಗುತ್ತದೆ, ಕಥೆ ಎಲ್ಲಿ ತಲೆಗೆ ಹೋಗಬೇಕು? ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂರಿಸಿ, ಎರಡೂ ಕಡೆ ಲೋಡು ಇಡಿ. ಸೊಂಟ ಹಿಂದಕ್ಕೆ ಆನಿಸಿರಲಿ. ಕುರ್ಚಿಯಾದರೆ ಪಾದ ಜೋತಾಡಬಾರದು, ಕೆಳಗೆ ಮಣೆ ಕೊಡಿ. ಫಿಜಿಯೊಥೆರಪಿಸ್ಟ್ ಯಾವುದಾದರೂ ಭಂಗಿ ಹೇಳಿಕೊಟ್ಟಿದ್ದರೆ ಅದೇ ಇರಲಿ.

ಪುಸ್ತಕ ಕಣ್ಣಿನ ಮಟ್ಟಕ್ಕೆ ಬರಬೇಕು. ಶ್ರಾವಣದಲ್ಲಿ ಪುರಾಣ ಓದಲು ಇಡುವ ವ್ಯಾಸಪೀಠ ಮನೆಯಲ್ಲೋ ಮಠದಲ್ಲೋ ಇದ್ದೇ ಇರುತ್ತದೆ. ಮುಸ್ಲಿಮರ ಮನೆಯಲ್ಲಾದರೆ ರೆಹಲ್. ಅದನ್ನು ಎತ್ತರದ ಮಣೆಯ ಮೇಲಿಟ್ಟು ಪುಸ್ತಕ ತೆರೆದಿಡಿ. ಪೀಠದ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಗುವಿನ ಕೈ ತಾಗಿದರೂ ಜಾರುವುದಿಲ್ಲ.

ಪುಟ ತಿರುಗಿಸಲು ಒಂದು ಉಪಾಯ: ಹಳೇ ಹವಾಯಿ ಚಪ್ಪಲಿಯನ್ನು ಚೆನ್ನಾಗಿ ತೊಳೆದು, ಅಟ್ಟೆಯನ್ನು ಬೆರಳಗಲದ ತುಂಡುಗಳಾಗಿ ಕತ್ತರಿಸಿ. ಪ್ರತಿ ಪುಟದ ಹೊರ ಅಂಚಿಗೆ ಒಂದೊಂದು ಅಂಟಿಸಿ. ಒಂದು ಪುಟಕ್ಕೆ ಮೇಲೆ, ಮುಂದಿನದಕ್ಕೆ ಸ್ವಲ್ಪ ಕೆಳಗೆ. ಪುಟಗಳ ನಡುವೆ ಸಂದು ಬಿಡುತ್ತದೆ, ಮುಷ್ಟಿಯಿಂದ ತಳ್ಳಿದರೂ ಒಂದೇ ಪುಟ ತಿರುಗುತ್ತದೆ. ತೆಳ್ಳನೆ ಪುಸ್ತಕಕ್ಕೆ ಮಾತ್ರ ಇದು ಸರಿ. ದಪ್ಪ ಪುಸ್ತಕವನ್ನು ಇಪ್ಪತ್ತು ಪುಟಕ್ಕೊಂದು ಭಾಗ ಮಾಡಿ ಬೈಂಡ್ ಮಾಡಿಸಿ. ಪುಸ್ತಕ ಹರಿಯುವುದು ಪಾಪ ಅನ್ನುವ ಅಜ್ಜಂದಿರನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಫೋನ್‌ನಲ್ಲಿ ಓದುವವರಿಗೆ ಸೆಲ್ಫಿ ಸ್ಟಿಕ್ ಜೊತೆ ಬರುವ ಬ್ಲೂಟೂತ್ ರಿಮೋಟ್ ಸಾಕು. ಇಂಥ ರಿಮೋಟ್ ಎಷ್ಟೋ ಸಲ ವಾಲ್ಯೂಮ್ ಬಟನ್‌ನಂತೆ ಕೆಲಸ ಮಾಡುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಂಥ ಆ್ಯಪ್‌ನಲ್ಲಿ ವಾಲ್ಯೂಮ್ ಬಟನ್‌ನಿಂದ ಪುಟ ತಿರುಗಿಸುವ ಆಯ್ಕೆ ಇದೆ. ರಿಮೋಟನ್ನು ಗದ್ದದ ಕೆಳಗೋ ಮೊಣಕೈ ಹತ್ತಿರವೋ ಟೇಪ್ ಹಚ್ಚಿ ಕೂರಿಸಿದರೆ ಮಗು ತಾನೇ ಪುಟ ತಿರುಗಿಸುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಮ್ಮ ಫೋನ್‌ಗೆ ಜೋಡಿಸಿ ನೋಡಿ.

ಮಾತು ಬಾರದ ಮಗುವಿಗೆ ಎರಡು ಪುಸ್ತಕ ಎಡಕ್ಕೊಂದು ಬಲಕ್ಕೊಂದು ಹಿಡಿದು ಯಾವುದು ಅಂತ ಕೇಳಿ. ನೋಟ ಎಲ್ಲಿ ನಿಂತಿತು ನೋಡಿ. ಅವಸರ ಮಾಡಬೇಡಿ. ಉತ್ತರ ಬರಲು ನಮಗಿಂತ ಜಾಸ್ತಿ ಹೊತ್ತು ಬೇಕು.

ಹಂತ 8: ಕಥೆಯ ವಸ್ತು ಕೈಗೆ ಸಿಗಲಿ

ಆನೆ ಕಥೆ ಓದಿದ ದಿನ ಆನೆಯ ಆಕಾರ ಕೈಗೆ ಸಿಗಬೇಕು. ಕೊಪ್ಪಳದವರಿಗೆ ಪಕ್ಕದಲ್ಲೇ ಕಿನ್ನಾಳ ಇದೆ. ಹಗುರ ಮರದ ಗೊಂಬೆ, ಸೊಂಡಿಲು, ಕಿವಿ, ಕಾಲು ಎಲ್ಲಾ ಬೆರಳಿಗೆ ಬೇರೆಬೇರೆಯಾಗಿ ಸಿಗುತ್ತವೆ. ದುಬಾರಿ ಆದರೆ ಜೇಡಿಮಣ್ಣಿನಲ್ಲಿ ಮಾಡಿ. ಕೊಪ್ಪಳ ಜಿಲ್ಲೆಯ ಮೋರನಾಳ ತೊಗಲುಗೊಂಬೆಯ ಊರು. ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಆಟ ನೋಡುವುದು ಅಂದರೆ ಕಣ್ಣಿನ ಕೆಲಸ ಅಂದುಕೊಂಡಿದ್ದೇವೆ. ಹಾಡು, ಮಾತು, ತಾಳ ಕಿವಿಯದೇ. ನಿಮ್ಮ ಕಡೆ ಎಲ್ಲಾದರೂ ಆಟ ಇದ್ದರೆ, ಮುಗಿದ ಮೇಲೆ ಕಲಾವಿದರನ್ನು ಕೇಳಿ ಗೊಂಬೆಯ ತೊಗಲು, ಅದರ ತೂತು, ಆಡಿಸುವ ಕಡ್ಡಿ ಮುಟ್ಟಿಸಿ.

ಪುಸ್ತಕದಲ್ಲೇ ಮುಟ್ಟುವ ಚಿತ್ರ ಮಾಡಬೇಕಾದರೆ ಫೆವಿಕಾಲ್ ಮೇಲೆ ಸಣಬಿನ ದಾರ ಅಂಟಿಸಿ ಗೆರೆ ಎಳೆಯಿರಿ. ಒಂದು ಪುಟಕ್ಕೆ ಒಂದೇ ಆಕಾರ. ಮರ, ಮನೆ, ಮೋಡ, ಹಸು ಎಲ್ಲಾ ಒಟ್ಟಿಗೆ ತುಂಬಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ.

ಹಂತ 9: ಬಿಸಿಲಿಗೆ ತಕ್ಕ ವೇಳೆ

ತಗಡಿನ ಮನೆಯಲ್ಲಿ ಹನ್ನೊಂದರ ಮೇಲೆ ಯಾರಿಗೂ ಓದಲು ಆಗುವುದಿಲ್ಲ. ಬ್ರೈಲ್ ಮತ್ತು ದೊಡ್ಡ ಅಕ್ಷರದ ಓದು ಬೆಳಗ್ಗೆ ಒಂಬತ್ತರ ಒಳಗೆ. ಮಧ್ಯಾಹ್ನ ಮಲಗಿಕೊಂಡೇ ಕೇಳುವ ಕಥೆ. ಸಂಜೆ ಅಂಗಳದಲ್ಲಿ ಎಲ್ಲಾ ಮಕ್ಕಳ ಜೊತೆ. ಕರೆಂಟ್ ನಂಬಬೇಡಿ, ಫೋನ್ ರಾತ್ರಿಯೇ ಚಾರ್ಜ್ ಆಗಿರಲಿ, ಕಥೆಗಳು ಮೆಮೊರಿಯಲ್ಲೇ ಇರಲಿ. ತುಂಬಾ ಹೊತ್ತು ಒಂದೇ ಕಡೆ ಕೂರುವ ಮಗುವಿಗೆ ಭಂಗಿ ಬದಲಿಸುತ್ತಿರಿ, ನೀರು ಕುಡಿಸುತ್ತಿರಿ.

ಹಂತ 10: ಅರಿವು ಕೇಂದ್ರಕ್ಕೆ ಕರೆದೊಯ್ಯಿರಿ

ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ನಿಮ್ಮ ಮಗುವಿನ ಹೆಸರೂ ಬರೆಸಿ. ಬೇಸಿಗೆ ಶಿಬಿರ ಇದ್ದರೆ ಅದಕ್ಕೂ ಸೇರಿಸಿ. ಕಥೆ ಹೇಳುವ ದಿನ, ಒಗಟಿನ ದಿನ ಕಣ್ಣು ಕಾಣದ ಮಗು ಯಾರಿಗೂ ಕಡಿಮೆ ಇಲ್ಲ. ಚಿತ್ರ ಬಿಡಿಸುವ ದಿನ ಬರೀ ಕೂತಿರಬೇಕಾಗುತ್ತದೆ. ಆ ದಿನ ಜೇಡಿಮಣ್ಣು ಇಡಿ ಅಂತ ಮೇಲ್ವಿಚಾರಕರಿಗೆ ಮೊದಲೇ ಹೇಳಿ.

ಬಾಗಿಲಿಗೆ ಮೆಟ್ಟಿಲಿದ್ದು ಗಾಲಿಕುರ್ಚಿ ಏರದಿದ್ದರೆ, ಮಗುವನ್ನು ಎತ್ತಿಕೊಂಡು ಹೋಗಿ ಸುಮ್ಮನಾಗಬೇಡಿ. ಪಂಚಾಯ್ತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟು ಹಣವನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ರ‍್ಯಾಂಪ್, ಹೆಡ್‌ಫೋನ್, ಕೆಲವು ದೊಡ್ಡ ಅಕ್ಷರದ ಪುಸ್ತಕ, ಭೂತಗನ್ನಡಿ ಬೇಕು ಅಂತ ಪಿಡಿಒ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಊರಲ್ಲಿ ಇಂಥ ಇನ್ನೊಂದಿಷ್ಟು ಮಕ್ಕಳಿದ್ದರೆ ಅವರ ತಂದೆತಾಯಿಯ ಸಹಿಯೂ ಇರಲಿ. ವಿಆರ್‌ಡಬ್ಲ್ಯೂ ಅವರನ್ನು ಜೊತೆಗೆ ಕರೆದುಕೊಂಡು ಬೆಳಗ್ಗೆಯೇ ಹೋಗಿ ಕೊಡಿ, ಇನ್ನೊಂದು ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವಾಗ ಆ ಪ್ರತಿ ಕೈಯಲ್ಲಿರಬೇಕು.